ಆರು ಗೂಡಿನ ಎಳೆ

ಕಾರ್ಖಾನೆಯ ಬಾಗಿಲಿಗೆ ಕಾಗದ ಅಂಟಿಸುವ ಹಿಂದಿನ ದಿನ ನಾನೂ ಜೈಬುವೂ ಉಪ್ಪಿನಕಾಯಿಯ ವಿಷಯಕ್ಕೆ ಜಗಳವಾಡಿದ್ದೆವು. ಮಧ್ಯಾಹ್ನದ ಸೀಟಿ ಊದಿದ ಮೇಲೆ ರೇಷ್ಮೆ ಕಾರ್ಖಾನೆಯ ಹಿಂದಿನ ಹೊಂಗೆಮರದ ಕೆಳಗೆ ಊಟಕ್ಕೆ ಕೂತಿದ್ದೆವು. ಬೆಳಗಿನಿಂದ ಬಿಸಿನೀರಿನಲ್ಲಿ ಅದ್ದಿದ ಬೆರಳುಗಳು ಸುಕ್ಕುಗಟ್ಟಿ ಬೆಳ್ಳಗಾಗಿದ್ದವು. ಖಾರ ತಾಗಿದರೆ ಚುರ್ ಎನ್ನುತ್ತಿದ್ದವು.

"ಇದೇನಮ್ಮಿ, ಉಪ್ಪಿನ್ಕಾಯೋ ಉಪ್ಪಿನ್ ಮೂಟೆಯೋ?" ಎಂದಳು ಜೈಬು, ಬಾಯಿ ಚಪ್ಪರಿಸುತ್ತಲೇ.

"ಅಂಗಾದ್ರೆ ಬುಡು, ತಿನ್ಬ್ಯಾಡ. ಯಾರ್ ಬಲವಂತ ಮಾಡವ್ರೆ?"

"ಬುಟ್ಟು ಮುದ್ದೆಗೆ ಏನ್ ನೆಂಚ್ಕಳ್ಳಿ, ನಿನ್ ಮೊಕನಾ?"

ಅಂದು ಬೇರೇನೂ ನಡೆಯಲಿಲ್ಲ. ನೂಲಿನ ಲಡಿಗಳನ್ನು ಮದ್ದೂರಿನ ರೈಲಿಗೆ ಒಯ್ಯುವ ಗಾಡಿಗಳು ಎರಡು ವಾರದಿಂದ ಬಂದಿರಲಿಲ್ಲ. ಉಗ್ರಾಣ ಬಾಗಿಲವರೆಗೂ ತುಂಬಿತ್ತು. ಗಾಡಿಯವರ ಎತ್ತುಗಳಿಗೆ ಕಾಲುಬಾಯಿ ರೋಗ ಬಂದಿದೆಯಂತೆ ಎಂದು ಯಾರೋ ಹೇಳಿದರು. ನಾವು ನಂಬಿದೆವು.

ಇದನ್ನೆಲ್ಲ ನಾನು ಬರೆಯಬೇಕೆಂದು ಕೂತವಳಲ್ಲ. ನಾನು ಓದಿದ್ದು ಊರ ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ, ಆಮೇಲೆ ಕೈಗೆ ಸಿಕ್ಕ ಪತ್ರಿಕೆಗಳನ್ನು. ಹೋದ ತಿಂಗಳು ನೆಂಟರ ಮನೆಯ ನಾಮಕರಣಕ್ಕೆಂದು ಮಳವಳ್ಳಿಗೆ ಹೋಗಿದ್ದೆ. ಬಸ್ಸಿಳಿದು ನಡೆಯುವಾಗ ಯಾವುದೋ ಹಿತ್ತಿಲಿನಲ್ಲಿ ಗೂಡು ಬೇಯಿಸುತ್ತಿದ್ದರು. ಗೂಡಿನೊಳಗಿನ ಹುಳು ಬೇಯುವ ಆ ವಾಸನೆ ಗೊತ್ತಿದ್ದವರಿಗೇ ಗೊತ್ತು. ಜೊತೆಗಿದ್ದ ಮೊಮ್ಮಗಳು ಮೂಗು ಮುಚ್ಚಿಕೊಂಡಳು. ನಾನು ಅಲ್ಲೇ ನಿಂತುಬಿಟ್ಟೆ. ನನಗೆ ಮೊದಲು ಬಂದದ್ದು ದುಃಖವಲ್ಲ, ಭಯ. ಕೆಲಸದಲ್ಲಿ ಉಳಿಯುವವರ ಪಟ್ಟಿಯಲ್ಲಿ ನನ್ನ ಹೆಸರು ಇದೆಯೋ ಇಲ್ಲವೋ ಎಂದು. ಇಷ್ಟು ವರ್ಷ ಆದ ಮೇಲೂ.

ಯುದ್ಧದ ಕಾಲದಲ್ಲಿ ಪ್ಯಾರಾಚೂಟಿಗೆ ರೇಷ್ಮೆ ಬೇಕೆಂದು ಮಳವಳ್ಳಿಯ ನಮ್ಮ ಕಾರ್ಖಾನೆ ಹಗಲೆಲ್ಲ ಹೊಗೆ ಬಿಡುತ್ತಿತ್ತು. ಉದ್ದನೆಯ ಒಂದು ಹಜಾರದಲ್ಲಿ ನಲವತ್ತು ತೊಟ್ಟಿ. ಒಂದೊಂದು ತೊಟ್ಟಿಗೆ ಒಬ್ಬೊಬ್ಬಳು. ಹಿಂದಿನ ಕೊಟ್ಟಿಗೆಯಲ್ಲಿ ಬೇಯಿಸಿದ ಗೂಡುಗಳನ್ನು ನಮ್ಮ ತೊಟ್ಟಿಯ ಬಿಸಿನೀರಿಗೆ ಸುರಿಯುತ್ತಿದ್ದರು. ಆರು ಗೂಡುಗಳ ತುದಿ ಹುಡುಕಿ, ಆರನ್ನೂ ಸೇರಿಸಿ ಒಂದು ಎಳೆ ಮಾಡಿ, ರಾಟೆಗೆ ಸುತ್ತುವುದು ನಮ್ಮ ಕೆಲಸ. ಅದಕ್ಕೆ ಬಿಚ್ಚುವುದು ಎನ್ನುತ್ತಿದ್ದೆವು. ನನ್ನ ಗಂಡ ಕೋಲಾರದ ಗಣಿಗೆ ಹೋಗಿ ತಿರುಗಿ ಬಂದಿರಲಿಲ್ಲ. ಮನೆಯಲ್ಲಿ ಕಣ್ಣು ಕಾಣದ ಅವ್ವ, ಮೂರು ವರ್ಷದ ಮಗಳು. ಹೊರಗೆ ರಾಗಿ ಸಿಗದ ಆ ದಿನಗಳಲ್ಲಿ ಕಾರ್ಖಾನೆಯವರಿಗೆ ಕಾರ್ಖಾನೆಯಲ್ಲೇ ರಾಗಿ ಅಳೆದು ಕೊಡುತ್ತಿದ್ದರು. ನಾವು ಮೂವರೂ ಉಸಿರು ಹಿಡಿದಿದ್ದುದು ಅದರಿಂದಲೇ.

ಜೈಬುನ್ನಿಸಾ ಕಿರುಗಾವಲಿನವಳು. ಗಂಡ ತೀರಿಕೊಂಡಿದ್ದ. ಅಣ್ಣ ಅಲ್ಲೇ ಪೆಟ್ರೋಲು ಸಿಗದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸುಗಳನ್ನು ರಿಪೇರಿ ಮಾಡುತ್ತಿದ್ದ. ಅತ್ತಿಗೆಯ ಕೈ ಕಾಯಲು ಮನಸ್ಸಿಲ್ಲದೆ ಮಳವಳ್ಳಿಗೆ ಬಂದು, ನಮ್ಮ ಬೀದಿಯ ಕೊನೆಯಲ್ಲಿ ಒಂದು ಕೋಣೆ ಹಿಡಿದಿದ್ದಳು. ಅವಳು ಬೇಯಿಸುವ ಕೊಟ್ಟಿಗೆಯವಳು. ಅವಳು ಬೇಯಿಸಿದ ಗೂಡು ಬಂದ ದಿನ ಹಜಾರದಲ್ಲಿ ಯಾರ ಎಳೆಯೂ ಕಡಿಯುತ್ತಿರಲಿಲ್ಲ. ಕಡಿಮೆ ಬೆಂದರೆ ಎಳೆ ಬಿಚ್ಚುವುದಿಲ್ಲ, ಹೆಚ್ಚು ಬೆಂದರೆ ಗೂಡು ಹಿಟ್ಟಿನ ಹಾಗೆ ಕೂತುಬಿಡುತ್ತದೆ. ಆ ಎರಡರ ನಡುವೆ ಇರುವುದು ನಾಲ್ಕಾರು ಉಸಿರಿನಷ್ಟು ಹೊತ್ತು. ಅದು ಅವಳಿಗೆ ಗೊತ್ತಾಗುತ್ತಿತ್ತು.

ನಮ್ಮಲ್ಲಿ ಒಂದು ಪದ್ಧತಿಯಿತ್ತು. ಹೊಸಬಳು ಬಂದರೆ ಹಳಬಳ ಮಗ್ಗುಲಿಗೆ ಒಂದು ತಿಂಗಳು ಮಣೆ ಹಾಕಿ ಕೂರಿಸುತ್ತಿದ್ದರು. ಮೊದಲ ಒಳ್ಳೆಯ ಲಡಿ ಸುತ್ತಿದ ದಿನ ಅವಳು ಕಲಿಸಿದವಳಿಗೆ ಎಲೆ ಅಡಿಕೆ ಕೊಡುತ್ತಿದ್ದಳು. ನಾನೂ ಕೊಟ್ಟಿದ್ದೆ. ಕಲಿಸುವುದಕ್ಕೆ ಯಾರೂ ಹಿಂದೆಮುಂದೆ ನೋಡುತ್ತಿರಲಿಲ್ಲ. ಪಕ್ಕದವಳ ಎಳೆ ಕಡಿದರೆ ನಮಗೂ ನಿಲ್ಲುತ್ತಿತ್ತು, ರಾಟೆಗಳೆಲ್ಲ ಒಂದೇ ಸರಳಿನಿಂದ ತಿರುಗುತ್ತಿದ್ದುದರಿಂದ.

ಉಪ್ಪಿನಕಾಯಿ ಜಗಳದ ಮಾರನೆಯ ಬೆಳಿಗ್ಗೆ ಕಾರ್ಖಾನೆಯ ಬಾಗಿಲಿಗೆ ಕಾಗದ ಅಂಟಿಸಿದ್ದರು. ಓದು ಬಾರದವರು ಹೆಚ್ಚು. ಚಿಕ್ಕಣ್ಣ ಮೇಸ್ತ್ರಿ ಮಣೆಯ ಮೇಲೆ ನಿಂತು ಹೇಳಿದ. ಯಾವಾಗಲೂ ಬೈಯುವ ಮನುಷ್ಯ ಅಂದು ಮೆಲ್ಲಗೆ ಮಾತಾಡಿದ. ನನಗೆ ಮೊದಲು ಹೆದರಿಕೆಯಾದದ್ದು ಆ ಮೆಲುದನಿಗೆ.

"ಯುದ್ದ ನಿಂತೋಯ್ತು, ಗೊತ್ತಲ್ಲ. ನೂಲ್ ತಕ್ಕಳೋರಿಲ್ಲ. ನಲವತ್ರಲ್ಲಿ ಅದಿನಾರ್ ತೊಟ್ಟಿ ಉಳೀತವೆ. ಬೇಯ್ಸೋರ್ ಬ್ಯಾರೆ, ಬಿಚ್ಚೋರ್ ಬ್ಯಾರೆ ಅನ್ನದು ಇನ್ ಇಲ್ಲ. ಎರಡೂ ಬರೋರ್ನ ಮಾತ್ರ ಮಡಿಕತಾರೆ. ಇಪ್ಪತ್ ದಿನಕ್ಕೆ ಮಂಡ್ಯದಿಂದ ಸಾಯೇಬ್ರು ಬಂದು ಪರೀಕ್ಸೆ ಮಾಡ್ತಾರೆ."

"ಮಿಕ್ಕೋರು?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಮಿಕ್ಕೋರು ಮನೇಗ್ ಓಯ್ತಾರೆ ಕಣಮ್ಮ. ಇನ್ನೆಲ್ಲಿಗ್ ಓದಾರು?"

ಅಂದಿನಿಂದ ಹಜಾರ ಬೇರೆಯಾಯಿತು. ಉಗಿಯ ಕೊಳವೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಎಳೆಗೆ ಗಂಟು ಹಾಕುವಾಗ ಕೆಲವರು ಸೆರಗನ್ನು ಕೈ ಮೇಲೆ ಎಳೆದುಕೊಳ್ಳತೊಡಗಿದರು, ಪಕ್ಕದವಳಿಗೆ ಕಾಣದಿರಲಿ ಎಂದು. ನನಗೆ ಮಗ್ಗುಲು ಕೊಟ್ಟು ಕಲಿಸಿದ ಕೆಂಪಮ್ಮ, ತುದಿ ಹುಡುಕುವ ಕಡ್ಡಿಪೊರಕೆಯನ್ನು ಕೇಳಿದರೆ ಇಲ್ಲ ಎಂದಳು. ಅದು ಅವಳ ತೊಡೆಯ ಕೆಳಗೇ ಇತ್ತು.

ಜೈಬು ಮೂರನೆಯ ದಿನ ಹೊಂಗೆಮರದ ಕೆಳಗೆ ಬಂದು ನನ್ನ ಎದುರು ಕುಕ್ಕರಗಾಲಿನಲ್ಲಿ ಕೂತಳು.

"ತಾಯಮ್ಮಿ, ನಿಂಗ್ ಬಿಚ್ಚದ್ ಬತ್ತದೆ. ನಂಗ್ ಬೇಯ್ಸದ್ ಬತ್ತದೆ. ಇಬ್ರೂ ಸೇರುದ್ರೆ ಇಬ್ರು ಪೂರಾ ಎಂಗಸ್ರು. ಏನಂತೀಯ?"

"ಊಟುದ್ ಒತ್ನಲ್ಲಿ ಕಲಿಯದಾ?"

"ಊಟ ಆಮೇಲೂ ಇರ್ತದೆ. ನಿನ್ ಉಪ್ಪಿನ್ಕಾಯ್ ಎಲ್ಲೂ ಓಡೋಗಕಿಲ್ಲ."

ದಿನ ಬಿಟ್ಟು ದಿನ ಎಂದು ಹಂಚಿಕೊಂಡೆವು. ಒಂದು ದಿನ ಅವಳ ಕೊಟ್ಟಿಗೆಯಲ್ಲಿ, ಒಂದು ದಿನ ನನ್ನ ತೊಟ್ಟಿಯ ಬಳಿ. ಅವಳು ಕಲಿಸಿದ ರೀತಿಯನ್ನು ಹೇಳಬೇಕು. ಏನನ್ನೂ ಉಳಿಸಿಕೊಳ್ಳಲಿಲ್ಲ. ನೀರಿನ ಗುಳ್ಳೆ ಮೀನಿನ ಕಣ್ಣಿನಷ್ಟಾದಾಗ ಗೂಡು ಹಾಕಬೇಕು. ಜಾಲರಿ ಸೌಟಿನಲ್ಲಿ ಮುಳುಗಿಸಿ ಹಿಡಿಯಬೇಕು. ಆಮೇಲೆ ಸೌಟಿಗೆ ಗೂಡು ತಾಗುವ ಸದ್ದು ಕೇಳಬೇಕು. ಮೊದಲು ಒಣ ಹುಣಸೆಬೀಜದಂತೆ ಟಕಟಕ ಎನ್ನುತ್ತದೆ, ಬರಬರುತ್ತಾ ಸದ್ದು ಮಂದವಾಗುತ್ತದೆ. ನಾನು ನೀರನ್ನೇ ನೋಡುತ್ತಿದ್ದರೆ ಮೊಣಕೈಯಿಂದ ತಿವಿಯುತ್ತಿದ್ದಳು.

"ನೀರ್ ಏನ್ ನೋಡ್ತಿದ್ದೀಯೆ, ನಿನ್ ಗಂಡ ಅದ್ರಾಗವ್ನಾ? ಕಣ್ ಮುಚ್ಕೊ. ಕೇಳು. ಈಗ... ಈಗ... ಊಂ, ಎತ್ತು! ಎತ್ತಮ್ಮಿ!"

ಹತ್ತು ಸಲ ಹಾಳು ಮಾಡಿದೆ. ಹಾಳಾದ ಗೂಡುಗಳನ್ನು ಅವಳು ಮೇಸ್ತ್ರಿಗೆ ಕಾಣದಂತೆ ಬೂದಿಗುಂಡಿಯಲ್ಲಿ ಮುಚ್ಚುತ್ತಿದ್ದಳು. ಹನ್ನೊಂದನೆಯ ಸಲ ನನ್ನ ಕಿವಿಗೇ ಕೇಳಿತು.

"ಇದು ಬ್ಯಾಸ್ಗೆ ಗೂಡು. ಇದು ಸುಲುಬ," ಎಂದಳು. "ಮಳೆಗಾಲದ್ ಗೂಡು ನೀರ್ ಕುಡ್ಕೊಂಡೇ ಬತ್ತದೆ. ಅದ್ರುದ್ ಸದ್ದೇ ಬ್ಯಾರೆ. ಅದ್ಕೆ ಒಂದ್ ಉಪಾಯ ಐತೆ. ಬಾಯಲ್ ಯೋಳುದ್ರೆ ಬರಾಕಿಲ್ಲ. ಮಳೆ ಬೀಳ್ಲಿ, ತೋರುಸ್ತೀನಿ."

ನನ್ನ ಕೆಲಸದಲ್ಲೂ ಬಾಯಲ್ಲಿ ಹೇಳಲೇಬೇಕಾದ ಒಂದು ಮಾತಿತ್ತು. ಎಳೆಗೆ ಆರು ಗೂಡು ಎಂಬುದು ಪೂರ್ತಿ ನಿಜವಲ್ಲ. ಗೂಡು ಬಿಚ್ಚುತ್ತ ಹೋದಂತೆ ಒಳಪದರದ ಎಳೆ ಸಣ್ಣಗಾಗುತ್ತದೆ. ಗೋಡೆ ತೆಳುವಾಗಿ ಒಳಗಿನ ಹುಳು ಕರ್ರಗೆ ಕಾಣುತ್ತದೆ. ಅಂಥ ಎರಡು ಗೂಡು ಕಂಡರೆ ಹೊಸದೊಂದನ್ನು ಸೇರಿಸಿ ಏಳು ಮಾಡಬೇಕು. ಇಲ್ಲದಿದ್ದರೆ ನೂಲು ಅಲ್ಲಲ್ಲಿ ಕೂದಲಿನಂತೆ ಸಣ್ಣಗಾಗುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ವರ್ಷಗಟ್ಟಲೆ ಪಳಗಿದ ಬೆರಳಿಗೆ, ಇಲ್ಲವೇ ಅಳೆದ ಉದ್ದದ ನೂಲನ್ನು ತಕ್ಕಡಿಗೆ ಹಾಕಿದಾಗ ಮಾತ್ರ ಗೊತ್ತಾಗುವುದು. ಹಿಂದಿನ ಕೊಟ್ಟಿಗೆಯಲ್ಲಿ ಇದ್ದವರಿಗೆ ಇದು ತಿಳಿಯುವ ದಾರಿಯಿಲ್ಲ.

ಮೊದಲ ದಿನವೇ ಹೇಳಬೇಕೆಂದುಕೊಂಡಿದ್ದೆ. ಕೈ ಮೊದಲು ಪಳಗಲಿ ಎಂದು ತಡೆದೆ. ಅಲ್ಲಿಯವರೆಗೆ ನನ್ನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇದನ್ನು ನಂಬಿ ಎಂದು ಯಾರನ್ನೂ ಕೇಳುವುದಿಲ್ಲ.

ಒಂಬತ್ತನೆಯ ದಿನ ಮೇಸ್ತ್ರಿ ನನ್ನ ತೊಟ್ಟಿಯ ಪಕ್ಕ ಬಂದು ನಿಂತ. ನೂಲನ್ನು ಉಗುರಿನಲ್ಲಿ ಮೀಟಿದ.

"ನಿನ್ ಕೈ ಒಳ್ಳೇದು ತಾಯಮ್ಮ. ಆದ್ರೂ ಒಂದ್ ಮಾತ್ ಯೋಳ್ತೀನಿ ಕೇಳು. ಅದಿನೈದ್ ಜನ ಯಾರ್ಯಾರು ಅಂತ ಎಚ್ಚು ಕಮ್ಮಿ ತೀರ್ಮಾನ ಆಗೋಗದೆ. ಉಳಿದಿರಾದು ಒಂದ್ ತೊಟ್ಟಿ. ಅದ್ಕೆ ನೀನು, ಇಲ್ಲ ಆ ಕಿರುಗಾವ್ಲೋಳು. ನೀನೇ ಕೂತ್ಕಂಡು ಅವಳ್ಗೆ ಕಲಿಸ್ತಿದ್ದೀಯ. ನಿನ್ ಇಷ್ಟ."

ಅವನು ಕೆಟ್ಟವನಲ್ಲ. ನನ್ನ ಮಗಳನ್ನು ಕಂಡಾಗಲೆಲ್ಲ ಬೆಲ್ಲ ಕೊಡುತ್ತಿದ್ದ. ನನ್ನ ಮೇಲಿನ ಕನಿಕರದಿಂದಲೇ ಆ ಮಾತು ಹೇಳಿದ. ಅಂದು ಸಂಜೆ ಮನೆಗೆ ಬಂದರೆ ಅವ್ವ ರಾಗಿಯ ಮಡಕೆಯೊಳಗೆ ಕೈ ಇಳಿಬಿಟ್ಟು ಎಷ್ಟಿದೆಯೆಂದು ಮುಟ್ಟಿ ನೋಡುತ್ತಿದ್ದಳು. ಅವಳು ದಿನವೂ ಹಾಗೆ ಮಾಡುತ್ತಿದ್ದಳು. ಅವಳ ಕೈ ಮೊಣಕೈವರೆಗೆ ಇಳಿದದ್ದನ್ನು ಅಂದು ಮಾತ್ರ ನೋಡಿದೆ.

ನಾನು ಜೈಬುವಿಗೆ ಕಲಿಸುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಅವಳು ಬೇರೆ ಯಾರನ್ನಾದರೂ ಕೇಳುತ್ತಿದ್ದಳು. ತುದಿ ಹುಡುಕುವುದು, ಗಂಟು, ರಾಟೆಯ ವೇಗ ಎಲ್ಲವನ್ನೂ ಕಲಿಸಿದೆ. "ಆರು," ಎಂದೆ. "ಯಾವಾಗ್ಲೂ ಆರು. ಒಂದ್ ಮುಗುದ್ರೆ ಇನ್ನೊಂದ್ ಆಕು. ಆರ್ ತಪ್ಪಬಾರ್ದು." ಊಟದ ಬಿಡುವು ಚಿಕ್ಕದು, ಗೂಡು ತೆಳುವಾಗುವಷ್ಟರಲ್ಲಿ ಸೀಟಿ ಊದುತ್ತಿತ್ತು. ಒಂದೇ ಒಂದು ದಿನ ಸೀಟಿ ತಡವಾಯಿತು. ಎರಡು ಗೂಡಿನಲ್ಲಿ ಹುಳು ಕಂಡಿತು. ಅವಳು ಹಣೆಯ ಬೆವರು ಒರೆಸಿಕೊಳ್ಳಲು ಮುಖ ತಿರುಗಿಸಿದಾಗ ನಾನೇ ಏಳನೆಯದನ್ನು ಸದ್ದಿಲ್ಲದೆ ಸೇರಿಸಿದೆ. ಅವಳು ತಿರುಗಿ ನೋಡಿ, ನೂಲು ಸಮವಾಗಿ ಓಡುತ್ತಿರುವುದನ್ನು ಕಂಡು ನಕ್ಕಳು.

"ಕಲ್ತೇಬುಟ್ನಲ್ಲ ಕಣಮ್ಮಿ!"

ಪರೀಕ್ಷೆಯ ಹಿಂದಿನ ಸಂಜೆ ನಮ್ಮ ಮನೆಗೆ ಬಂದಳು. ಸೆರಗಿನಿಂದ ಎಲೆ ಅಡಿಕೆ ತೆಗೆದು ನನ್ನ ಕೈಯಲ್ಲಿಟ್ಟಳು. ಅಡಿಕೆ ಅವಳಿಗೆ ಹೇಗೆ ಸಿಕ್ಕಿತೋ. ನಮ್ಮವ್ವ ಒಳಗಿನಿಂದ, "ಯಾರೇ ಅದು?" ಎಂದಳು. "ನಿನ್ ಮಗಳ್ ಸಿಸ್ಯೆ ಕಣಜ್ಜೀ," ಎಂದು ಜೈಬು ಕೂಗಿ ಹೇಳಿದಳು. ನಾನು ಎಲೆಯನ್ನು ಬಾಯಿಗೆ ಹಾಕಿಕೊಂಡೆ. ಉಗಿಯಲಾಗಲಿಲ್ಲ, ನುಂಗಲಾಗಲಿಲ್ಲ. ಅವಳು ಬೀದಿಯ ತಿರುವು ದಾಟುವವರೆಗೂ ಬಾಗಿಲಲ್ಲೇ ನಿಂತಿದ್ದೆ. ಕೂಗಿ ಕರೆದಿದ್ದರೆ ತಿರುಗುತ್ತಿದ್ದಳು. ಒಂದು ಮಾತು ಸಾಕಿತ್ತು.

ಮಂಡ್ಯದಿಂದ ಬಂದ ಅಧಿಕಾರಿ ಕನ್ನಡಕ ಹಾಕಿದ್ದರು, ಮೃದುವಾಗಿ ಮಾತಾಡಿದರು. ಪರೀಕ್ಷೆ ಊಟದ ಬಿಡುವಿನಷ್ಟು ಹೊತ್ತಿನದಲ್ಲ, ಇಡೀ ಬೆಳಗಿನ ಕೆಲಸ. ಮೊದಲು ಗೂಡು ಬೇಯಿಸಬೇಕು, ಆಮೇಲೆ ಬಿಚ್ಚಬೇಕು. ನಾನು ಕಣ್ಣು ಮುಚ್ಚಿ ಸೌಟು ಹಿಡಿದೆ. ಟಕಟಕ ಸದ್ದು ಮಂದವಾಗುವುದನ್ನು ಕೇಳಿದೆ, ಅವಳ ಮೊಣಕೈ ಪಕ್ಕೆಗೆ ತಾಗಿದಂತೆಯೇ ಆಯಿತು, ಎತ್ತಿದೆ. ನನ್ನ ಗೂಡುಗಳು ಹೂವಿನಂತೆ ಬಿಚ್ಚಿದವು. ಎರಡು ತೊಟ್ಟಿ ಆಚೆ ಜೈಬು ಕೂತಿದ್ದಳು. ಅವಳ ತುಟಿ ಅಲ್ಲಾಡುತ್ತಿತ್ತು. ಒಂದರಿಂದ ಆರರವರೆಗೆ ಎಣಿಸುತ್ತಿದ್ದಳು.

ಮಧ್ಯಾಹ್ನ ಲಡಿಗಳನ್ನು ತಕ್ಕಡಿಗೆ ಹಾಕಿದರು. ಅಧಿಕಾರಿ ಅವಳ ಹೆಸರಿನ ಮೇಲೆ ಗೀಟೆಳೆಯುವಾಗ ಪೆನ್ಸಿಲ್ಲಿನ ಸದ್ದು ನನಗೆ ಕೇಳಿಸಿತು.

ಹೊಂಗೆಮರದ ಕೆಳಗೆ ಅವಳು ಅಳಲಿಲ್ಲ. ನನ್ನ ಕೈ ಹಿಡಿದು ತನ್ನ ಲಡಿಯ ಮೇಲೆ ಇಟ್ಟುಕೊಂಡಳು.

"ನೀನ್ ಆರು ಅಂದೆ. ಆರೇ ಮಡಗ್ದೆ ಕಣಮ್ಮಿ. ಒಂದ್ ಕಿತಾನೂ ತಪ್ಪಲಿಲ್ಲ. ಸಣ್ಣ ಬಂದದೆ ಅಂತಾರೆ. ಎಲ್ ತಪ್ದೆ ಯೋಳು?"

"ನಂಗ್ ಗೊತ್ತಿಲ್ಲ ಜೈಬೂ," ಎಂದೆ.

ಅವಳು ನನ್ನ ಕೈ ಬಿಟ್ಟಳು. "ಓಗ್ಲಿ ಬುಡು. ನೀನ್ ಉಳ್ಕಂಡೆಯಲ್ಲ. ಕೂಸಿಗೆ ರಾಗಿ ಆಯ್ತು," ಎಂದಳು. ಮಾರನೆಯ ದಿನ ಬೆಳಿಗ್ಗೆ ಒಂದು ಟ್ರಂಕು, ಒಂದು ಚಾಪೆ ಹಿಡಿದು ಕಿರುಗಾವಲಿನ ಬಸ್ಸು ಹತ್ತಿದಳು. ನಾನು ಕೆಲಸದಲ್ಲಿದ್ದೆ.

ಹದಿನೈದು ದಿನಕ್ಕೆ ಮಳೆ ಹಿಡಿಯಿತು. ಬಂದ ಗೂಡುಗಳು ಕೈಗೆ ತಣ್ಣಗೆ, ಭಾರವಾಗಿ ಸಿಕ್ಕವು. ಸೌಟಿನಲ್ಲಿ ಮುಳುಗಿಸಿ ಕಣ್ಣು ಮುಚ್ಚಿದೆ. ಟಕಟಕ ಎನ್ನಲೇ ಇಲ್ಲ. ಮೊದಲಿನಿಂದಲೇ ಸದ್ದು ಮಂದ. ಎತ್ತುವಷ್ಟರಲ್ಲಿ ಗೂಡು ಕರಗಿ ಅಂಬಲಿಯಾಗಿತ್ತು. ಮಾರನೆಯ ದಿನ ಬೇಗ ಎತ್ತಿದೆ, ಎಳೆ ಬಿಚ್ಚಲಿಲ್ಲ. ಹದಿನಾರು ತೊಟ್ಟಿಯಲ್ಲೂ ಅದೇ ಕತೆ. ಬೇಯಿಸುವ ಕೊಟ್ಟಿಗೆಯವರು ಯಾರೂ ಉಳಿದಿರಲಿಲ್ಲ. ಮೇಸ್ತ್ರಿ ಹಾಳಾದ ಗೂಡಿನ ಬುಟ್ಟಿಗಳ ನಡುವೆ ಓಡಾಡುತ್ತ, "ಇಂಗಾದ್ರೆ ಇದೂ ಮುಚ್ತಾರೆ, ಇದೂ ಮುಚ್ತಾರೆ," ಎನ್ನುತ್ತಿದ್ದ.

ಕಿರುಗಾವಲಿಗೆ ಹೋಗಬೇಕೆಂದು ದಿನವೂ ಅಂದುಕೊಂಡೆ. ಹೋಗಿ ಏಳರ ಮಾತು ಹೇಳಿಬಿಡಬೇಕು, ಮಳೆಗಾಲದ ಉಪಾಯ ಕೇಳಬೇಕು. ಆದರೆ ಮೊದಲನೆಯದನ್ನು ಹೇಳದೆ ಎರಡನೆಯದನ್ನು ಕೇಳುವುದು ಹೇಗೆ? ಮೊದಲನೆಯದನ್ನು ಹೇಳಿದ ಮೇಲೆ ಕೇಳುವುದಾದರೂ ಹೇಗೆ? ಹೀಗೆ ನಾಲ್ಕು ವಾರ ಕಳೆದೆ. ಕೊನೆಗೆ ಒಂದು ರಜೆಯ ದಿನ ಬೆಳಿಗ್ಗೆ ಉಪ್ಪಿನಕಾಯಿಯ ಭರಣಿ ಕಟ್ಟಿಕೊಂಡು ಇದ್ದಿಲು ಬಸ್ಸು ಹತ್ತಿದೆ. ಮಳೆಗೆ ಇದ್ದಿಲು ನೆನೆದು ಬಸ್ಸು ಮೂರು ಕಡೆ ನಿಂತಿತು.

ಮನೆಯ ಬಾಗಿಲು ತೆಗೆದವಳು ಅವಳ ಅತ್ತಿಗೆ. ನನ್ನ ಕೈಯ ಭರಣಿಯನ್ನೂ ಸುಕ್ಕುಗಟ್ಟಿದ ಬೆರಳುಗಳನ್ನೂ ನೋಡಿದಳು.

"ನೀನ್ ತಾಯಮ್ಮನಾ? ಮಳವಳ್ಳಿಯೋಳಾ?"

"ಊಂ."

"ನಾಕ್ ದಿನ ಆಯ್ತಲ್ಲಮ್ಮ. ಚಳಿಜ್ವರ ಬಂದು ಎಂಟೇ ದಿನಕ್ಕೆ ತೀರ್ಕಂಡ್ಳು. ಬಾ, ಒಳೀಕ್ ಬಾ. ನಿನ್ ಎಸ್ರು ಬಾಳ ಯೋಳೋಳು. ನಂಗ್ ಬಿಚ್ಚದ್ ಕಲ್ಸಿದೋಳು ಅವ್ಳೇಯ ಅನ್ನೋಳು."

ಕೂರಿಸಿದಳು. ಕುಡಿಯಲು ನೀರು ಕೊಟ್ಟಳು. ಮೂಲೆಯಲ್ಲಿ ಒಂದು ಮಣ್ಣಿನ ಒಲೆ, ಹಿತ್ತಾಳೆ ಪಾತ್ರೆ, ಅಣ್ಣ ಬಸ್ಸಿನ ಹಳೆಯ ಸಾಮಾನಿನಿಂದ ಮಾಡಿಕೊಟ್ಟ ಪುಟ್ಟ ರಾಟೆ. ಜ್ವರ ಬರುವ ಹಿಂದಿನ ದಿನದವರೆಗೂ ಊರವರ ಹತ್ತಿರ ಗೂಡು ಬೇಡಿ ತಂದು ಬಿಚ್ಚುತ್ತಿದ್ದಳಂತೆ. "ಯಾರ್ ಯೋಳುದ್ರೂ ಕೇಳಾಕಿಲ್ಲ. ಎಲ್ ತಪ್ದೆ, ಎಲ್ ತಪ್ದೆ ಅಂತ ಒಂದೇ ಜಪ," ಎಂದು ಅತ್ತಿಗೆ ಒಂದು ಸಣ್ಣ ಲಡಿಯನ್ನು ತಂದು ನನ್ನ ಮಡಿಲಲ್ಲಿ ಹಾಕಿದಳು. "ತಕೊ. ನಮ್ಗ್ಯಾಕೆ?"

ಮಳೆಗಾಲದ ಗೂಡಿನ ನೂಲು. ಒಂದೂ ಗಂಟಿಲ್ಲ, ಒಂದು ಕಡೆಯೂ ಮೆತ್ತಗಾಗಿಲ್ಲ. ಬೆರಳುಗಳ ನಡುವೆ ಇಟ್ಟು ಹೊಸೆದು ನೋಡಿದೆ. ಮೊದಲು ಸುತ್ತಿದ ಒಳಗಿನ ಎಳೆಗಳು ಅಲ್ಲಲ್ಲಿ ಸಣ್ಣಗಿದ್ದವು. ಕೊನೆಗೆ ಸುತ್ತಿದ ಹೊರಗಿನ ಎಳೆಗಳು ಮೊದಲಿಂದ ಕೊನೆಯವರೆಗೆ ಒಂದೇ ಸಮ ಇದ್ದವು. ಅವಳು ಏಳನ್ನು ತಾನೇ ಕಂಡುಕೊಂಡಿದ್ದಳು. ಹಾಗಾದರೆ ನಾನು ಮುಚ್ಚಿಟ್ಟದ್ದೂ ಅವಳಿಗೆ ತಿಳಿದಿರಬೇಕು. ತಿಳಿದ ಮೇಲೂ ನನ್ನನ್ನು ಕಲಿಸಿದವಳು ಎಂದಳೋ, ತಿಳಿಯುವ ಮೊದಲು ಎಂದಳೋ, ಅತ್ತಿಗೆಯನ್ನು ಕೇಳಲು ಬಾಯಿ ಬರಲಿಲ್ಲ.

ಆ ಹದಿನಾರು ತೊಟ್ಟಿಗಳೂ ಮರುವರ್ಷ ಬೇಸಿಗೆಯ ಹೊತ್ತಿಗೆ ನಿಂತವು. ಆಗಸ್ಟಿನಲ್ಲಿ ಸ್ವಾತಂತ್ರ್ಯದ ಬಾವುಟ ಹಾರಿಸಿದಾಗ ಕಾರ್ಖಾನೆಯ ಬಾಗಿಲಿಗೆ ಬೀಗವಿತ್ತು. ನಾನು ಮದ್ದೂರಿನ ಕಡೆ ಹೋಗಿ, ಮನೆಯಲ್ಲೇ ರಾಟೆ ಇಟ್ಟುಕೊಂಡವರಲ್ಲಿ ಕೂಲಿಗೆ ಬಿಚ್ಚಿದೆ. ಮಗ್ಗುಲಿಗೆ ಬಂದು ಕೂತ ಪ್ರತಿಯೊಬ್ಬ ಹೆಣ್ಣಿಗೂ ಮೊದಲ ದಿನವೇ, ತುದಿ ಹುಡುಕುವುದಕ್ಕೂ ಮುಂಚೆ, ಹುಳು ಕಂಡರೆ ಏಳು ಎಂದು ಹೇಳಿಕೊಟ್ಟೆ. ಯಾರ ಎಲೆ ಅಡಿಕೆಯನ್ನೂ ತೆಗೆದುಕೊಳ್ಳಲಿಲ್ಲ.

ಲಡಿ ನನ್ನ ಪೆಟ್ಟಿಗೆಯಲ್ಲಿದೆ. ಎಷ್ಟೋ ಮಳೆಗಾಲ ಒಲೆಯ ಮುಂದೆ ಕಣ್ಣು ಮುಚ್ಚಿ ಕೂತೆ, ಎಷ್ಟೋ ಬುಟ್ಟಿ ಗೂಡು ಹಾಳು ಮಾಡಿದೆ. ಮಳೆಗಾಲದ ಗೂಡನ್ನು ಬೇಯಿಸುವುದು ನನಗೆ ಇವತ್ತಿಗೂ ಬರುವುದಿಲ್ಲ.